ಪಟ್ಟಿಯಲ್ಲಿ ಮೂವತ್ತೆರಡನೆಯದು

ನಾಲ್ಕೂವರೆಗೆ ಎದ್ದು ಕ್ಯಾನಿನ ನೀರು ಬಗ್ಗಿಸಿ ಕಾಫಿ ಕಾಯಿಸುವುದು. ರಾತ್ರಿಯ ಪಾತ್ರೆ ತೊಳೆಯುವುದು. ಮೈಕ್ರೋವೇವಿನ ಗಾಜಿನ ತಟ್ಟೆಯನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತುವುದು. ಕಪಾಟುಗಳಿಗೆ ರಬ್ಬರ್ ಹಗ್ಗ ಬಿಗಿಯುವುದು. ಫ್ರಿಜ್ಜಿನ ಚಿಲಕ, ಚಾವಣಿಯ ಕಿಂಡಿ, ಹಾಸಿಗೆ, ದಾರಿಗೆ ಸ್ಯಾಂಡ್‌ವಿಚ್. ಓರೆಸ್ಟನ ಬಿಪಿ ಮಾತ್ರೆ, ಓರೆಸ್ಟನ ಕನ್ನಡಕ, ಓರೆಸ್ಟನ ಇನ್ನೊಂದು ಕನ್ನಡಕ. ಇಷ್ಟಾದರೂ ಹೊರಗೆ ಬೆಳಕು ಹರಿದಿರುವುದಿಲ್ಲ. ಆಗ ನನ್ನ ಗಂಡ ಓರೆಸ್ಟ್ ಎದ್ದು ಕೂತು, ಮೈಮುರಿದು, "ಆಹಾ! ರಜೆ ಅಂದ್ರೆ ಇದು!" ಎನ್ನುತ್ತಾನೆ.

ಕ್ರಿಸ್‌ಮಸ್ ಮುಗಿದ ಮರುದಿನ ಸಸ್ಕ್ಯಾಚುವನ್ನಿನ ಹಿಮವನ್ನು ಹಿಂದೆ ಬಿಟ್ಟು ಟೆಕ್ಸಸ್ಸಿನ ಬಿಸಿಲಿಗೆ ಓಡುವ ಮುದುಕ ಮುದುಕಿಯರ ದಂಡಿನಲ್ಲಿ ನಾವೂ ಇಬ್ಬರು. ನಮ್ಮ ಮೋಟರ್‌ಹೋಮಿನ ಉದ್ದ ಮೂವತ್ತೆರಡು ಅಡಿ. ಅಡುಗೆಮನೆ, ಹಾಸಿಗೆ, ಪಾಯಿಖಾನೆ ಎಲ್ಲ ಒಂದೇ ಗಾಡಿಯೊಳಗೆ. ಅಂದರೆ, ಬಿಟ್ಟು ಬಂದೆ ಎಂದುಕೊಂಡ ಮನೆಗೆಲಸ ಚಕ್ರ ಕಟ್ಟಿಕೊಂಡು ಬೆನ್ನಿಗೇ ಬಂದಿತ್ತು! ಆದರೂ ನನಗೇನು ಕಡಿಮೆ ಜಂಬವಿರಲಿಲ್ಲ. ಹೊರಡುವ ಮುನ್ನ ತಂಗಿ ಲೂಬಾಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದೆ: "ನಾನಿಲ್ದೆ ಆ ಗಾಡಿ ಒಂದಿಂಚು ಮುಂದಕ್ಕೆ ಹೋಗಲ್ಲ ಕಣೇ! ಬರೆದಿಟ್ಕೋ!"

ಅವಳು ಬರೆದಿಟ್ಟುಕೊಂಡಳು.

ಓರೆಸ್ಟ್ ಮೂವತ್ತು ವರ್ಷ ರೈಲ್ವೆಯಲ್ಲಿ ಬೋಗಿ ತಪಾಸಣೆ ಮಾಡಿದವನು. ನಮ್ಮ ಗಾಡಿಗೂ ಒಂದು ಪಟ್ಟಿ ಮಾಡಿ, ಪ್ಲಾಸ್ಟಿಕ್ ಹೊದಿಸಿ, ಸ್ಟಿಯರಿಂಗಿನ ಪಕ್ಕ ನೇತುಹಾಕಿದ್ದಾನೆ. ಒಟ್ಟು ಮೂವತ್ತೊಂದು ಬಾಬತ್ತು. ಎಡಗಡೆ 'ಹೊರಗೆ', ಬಲಗಡೆ 'ಒಳಗೆ'. ಹೊರಗಿನ ಒಂಬತ್ತು ಅವನವು, ಒಳಗಿನ ಇಪ್ಪತ್ತೆರಡು ನನ್ನವು. ಪ್ರತಿ ಬೆಳಿಗ್ಗೆ ಎಲ್ಲದರ ಮುಂದೂ ಗುರುತು ಬೀಳದೆ ಗಾಡಿ ಅಲ್ಲಾಡುವಂತಿಲ್ಲ. ಬ್ರಹ್ಮನೇ ಬಂದು ತಳ್ಳಿದರೂ ಸರಿ!

ಮೂರನೆಯ ದಿನ ನೆಬ್ರಾಸ್ಕಾದಲ್ಲಿ ಜಗಳವಾಯಿತು. ಕಾರಣ ಒಂದು ಲೋಟ. ಚಳಿಗೆ ಕೊಳವೆ ಒಡೆಯದಿರಲೆಂದು ನಮ್ಮ ನಲ್ಲಿಗಳಲ್ಲೆಲ್ಲ ಗುಲಾಬಿ ಬಣ್ಣದ ದ್ರವ ತುಂಬಿಸಿರುತ್ತೇವೆ. ಬೆಚ್ಚಗಿನ ಊರು ಸಿಗುವವರೆಗೆ ನಲ್ಲಿ ತಿರುಗಿಸುವಂತಿಲ್ಲ, ಗಾಡಿಯ ಪಾಯಿಖಾನೆಯನ್ನೂ ಬಳಸುವಂತಿಲ್ಲ. ಪಾತ್ರೆಗೆ ಕ್ಯಾನಿನ ನೀರೇ ಗತಿ. ಹಾಗೆ ಹನಿಹನಿ ಲೆಕ್ಕ ಹಾಕಿ ತೊಳೆದು ಒರೆಸಿದ ಸಿಂಕಿನೊಳಗೆ ಓರೆಸ್ಟ್ ಎಂಜಲು ಲೋಟ ಇಟ್ಟು ಹೋದ.

"ಅದನ್ನ ಯಾರು ತೊಳೀತಾರೆ?" ಎಂದೆ.

"ಒಂದು ಲೋಟ ತಾನೆ ಸೋನ್ಯಾ! ರಜೆಗೆ ಬಂದಿದೀವಿ."

"ನೀನು ಬಂದಿದೀಯ. ನಾನು ವರ್ಗ ಆಗಿ ಬಂದಿದೀನಿ!"

"ನಾನು ದಿನಾ ಆರು ಗಂಟೆ ಡ್ರೈವ್ ಮಾಡ್ತೀನಲ್ಲ, ಅದು ಕೆಲಸ ಅಲ್ವಾ?"

"ಕೂತ್ಕೊಂಡು ಮಾಡೋ ಕೆಲಸ ಹೇಗಿರತ್ತೆ ಅಂತ ನಂಗೂ ಒಂದಿನ ಹೇಳ್ಕೊಡು ಮಾರಾಯ!"

ಇನ್ನು ಟೆಕ್ಸಸ್ ಬರುವವರೆಗೆ ನಿನ್ನ ಹತ್ತಿರ ಒಂದು ಮಾತೂ ಇಲ್ಲ ಎಂದು ಘೋಷಿಸಿ, ಹಿಂದಿನ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅರ್ಧ ಗಂಟೆಗೆ ಗಾಡಿ ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಜಗಳ ಎಷ್ಟೇ ದೊಡ್ಡದಿರಲಿ, ಎರಡು ಲೋಟ ಕಾಫಿ ಅದಕ್ಕಿಂತ ದೊಡ್ಡದು. ಮನೆಯಲ್ಲಿ ತೊಡುವ ಹತ್ತಿಯ ನಿಲುವಂಗಿ, ಕಾಲಿಗೆ ಹಿಮದ ಬೂಟು. ಅದೇ ವೇಷದಲ್ಲಿ ಸದ್ದಿಲ್ಲದೆ ಇಳಿದು ಬಂಕಿನ ಶೌಚಾಲಯಕ್ಕೆ ಓಡಿದೆ.

ಹೊರಗೆ ಬಂದರೆ ಗಾಡಿ ಇಲ್ಲ!

ಮೂವತ್ತೆರಡು ಅಡಿಯ ಗಾಡಿ! ಕೈಚೀಲದಂತೆ ಮರೆಯಾಗುವ ವಸ್ತುವೇ ಅದು? ನನ್ನ ಫೋನೂ ಅದರಲ್ಲೇ ಹೋಗಿತ್ತು. ಬಂಕಿಗೆ ಅಂಟಿಕೊಂಡ ಸಣ್ಣ ಹೋಟೆಲಿಗೆ ನಿಲುವಂಗಿಯಲ್ಲೇ ಒಳಹೊಕ್ಕೆ. ಬಡಿಸುವ ಹೆಂಗಸು ಲವಾನ್, ನನ್ನಷ್ಟೇ ವಯಸ್ಸಿನವಳು, ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗಂಡ ಬಿಟ್ಟು ಹೋದ್ನಾ?"

"ಮರೆತು ಹೋದ."

"ಅಯ್ಯೋ, ಬಿಟ್ಟು ಹೋಗಿದ್ರೇ ವಾಸಿ ಇತ್ತಮ್ಮಾ!" ಎಂದು ಕಾಫಿ ಸುರಿದು, ತನ್ನ ಫೋನನ್ನು ನನ್ನ ಮುಂದಿಟ್ಟಳು. "ತಗೋ, ಕರಿ."

"ಬೇಡ," ಎಂದೆ ಗತ್ತಿನಿಂದ. "ಹತ್ತು ನಿಮಿಷ ತಾಳು. ನಾನಿಲ್ದೆ ಅವನಿಗೆ ಕನ್ನಡಕ ಎಲ್ಲಿದೆ ಅಂತ್ಲೂ ಗೊತ್ತಾಗಲ್ಲ. ತಾನೇ ಓಡಿ ಬರ್ತಾನೆ ನೋಡು."

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಕನ್ನಡಕವನ್ನು ಬೆಳಿಗ್ಗೆ ನಾನೇ ಅವನ ಮೂಗಿಗೇರಿಸಿದ್ದು ನೆನಪಾಯಿತು. ಮಾತ್ರೆ ಕೊಟ್ಟಾಗಿತ್ತು. ಸ್ಯಾಂಡ್‌ವಿಚ್ ಕೈಗೆಟುಕುವಂತೆ ಇಟ್ಟಾಗಿತ್ತು. ಪಾಪಿ, ನನ್ನನ್ನು ಮರೆಯಲು ಬೇಕಾದ ಏರ್ಪಾಡನ್ನೆಲ್ಲ ನಾನೇ ಮಾಡಿ ಮುಗಿಸಿದ್ದೆ!

"ಹೋದ ವರ್ಷ ಮಿನೆಸೋಟದೋನು ಒಬ್ಬ ಹೀಗೇ ಬಿಟ್ಟು ಹೋಗಿದ್ದ," ಎಂದಳು ಲವಾನ್ ಮೇಜು ಒರೆಸುತ್ತ. "ಇಪ್ಪತ್ತೇ ನಿಮಿಷಕ್ಕೆ ವಾಪಸ್ ಬಂದ."

"ಅವಳು ಹೊಸ ಹೆಂಡತಿ ಇರ್ಬೇಕು."

"ಉಹೂಂ, ಅತ್ತೆ."

ಯಾರೋ ಬೇಯಿಸಿದ ಮೊಟ್ಟೆ ತಿಂದೆ. ಯಾರೋ ತಟ್ಟೆ ಎತ್ತಿಕೊಂಡು ಹೋದರು. ಮದುವೆಯಾದ ನಲವತ್ತೊಂದು ವರ್ಷದಿಂದ ಬಯಸಿದ ಸುಖ ಎದುರಿಗಿತ್ತು, ಕಣ್ಣು ಮಾತ್ರ ಕಿಟಕಿಯಾಚೆಯ ರಸ್ತೆಯ ಮೇಲೆ. ನನ್ನನ್ನು ಕೆಲಸಕ್ಕೆ ಮಾತ್ರ ನೆನೆಯುವನೋ, ಕೆಲಸ ಮುಗಿದ ಮೇಲೂ ನೆನೆಯುವನೋ? ಇವತ್ತು ಗೊತ್ತಾಗಿಬಿಡುತ್ತಿತ್ತು. ಗೊತ್ತಾಗುವುದು ಬೇಡವೆನ್ನಿಸಿತು.

ಮೂರು ಗಂಟೆ ಕಳೆಯಿತು. ಗತ್ತೆಲ್ಲ ಕರಗಿತು. ಮಂಜುಗಟ್ಟಿದ ರಸ್ತೆ, ಎಲ್ಲಾದರೂ ಜಾರಿದ್ದರೆ? ಲವಾನಳ ಫೋನಿಗೆ ಕೈ ಹಾಕಿದೆ. ಅವನ ಅಂಗಿಯ ಅಳತೆ ಗೊತ್ತು, ಕೊಲೆಸ್ಟರಾಲ್ ಗೊತ್ತು, ಯಾವ ಹಲ್ಲು ಕಟ್ಟಿಸಿದ್ದೆಂದು ಗೊತ್ತು. ಫೋನ್ ನಂಬರ್ ಗೊತ್ತಿಲ್ಲ!

ಅಷ್ಟರಲ್ಲಿ ಕಿಟಕಿಯಾಚೆ ನಮ್ಮ ಗಾಡಿ ಬಂದು ನಿಂತಿತು. ಓರೆಸ್ಟ್ ಟೋಪಿಯಿಲ್ಲದೆ, ಬಾಗಿಲನ್ನೂ ಮುಚ್ಚದೆ, ಜಾರುತ್ತ ಮುಗ್ಗರಿಸುತ್ತ ಓಡಿ ಬಂದ. ನನ್ನ ಎರಡೂ ಕೈ ಹಿಡಿದುಕೊಂಡ.

"ಎಲ್ಲಿವರೆಗೆ ಹೋಗಿದ್ದೆ?" ಎಂದೆ.

"ನೂರಾ ಹತ್ತು ಕಿಲೋಮೀಟರ್. ನೀನು ಕೋಪ ಮಾಡ್ಕೊಂಡು ಸುಮ್ನಿದೀಯ ಅಂದ್ಕೊಂಡೆ ಸೋನ್ಯಾ. ದಾರಿಯುದ್ದಕ್ಕೂ ಕ್ಷಮೆ ಕೇಳ್ತಾ ಹೋದೆ."

"ಯಾರ ಹತ್ರ?"

"ಬಾಗಿಲ ಹತ್ರ. ಮೊದಲು ಲೋಟದ್ದು ಕೇಳ್ದೆ. ನೀನು ಮಾತಾಡ್ಲಿಲ್ಲ. ಇನ್ಮೇಲೆ ಪಾತ್ರೆ ನಾನೇ ತೊಳೀತೀನಿ ಅಂದೆ. ಮಾತಾಡ್ಲಿಲ್ಲ. ಎಂಬತ್ತೇಳನೇ ಇಸವೀಲಿ ನಿಮ್ಮಮ್ಮನಿಗೆ ಅಂದಿದ್ದು ತಪ್ಪು ಅಂದೆ."

"ಏನು? ಎಂಬತ್ತೇಳರದ್ದಾ? ಇನ್ನೊಂದ್ಸಲ ಹೇಳು!"

"ಎಲ್ಲಾ ಹೇಳಿ ಆಯ್ತಲ್ಲ! ಅಂಥದ್ದೆಲ್ಲ ಎರಡೆರಡು ಸಲ ಬರಲ್ಲ ಕಣೇ."

ನಲವತ್ತೊಂದು ವರ್ಷ ಕಾದ ಶರಣಾಗತಿ ಖಾಲಿ ಹಾಸಿಗೆಗೆ ಸಂದಾಯವಾಗಿತ್ತು! "ಮತ್ತೆ ನಾನಿಲ್ಲ ಅಂತ ಹೇಗೆ ಗೊತ್ತಾಯ್ತು?"

"ಕೊನೇಗೆ, ನಮ್ಮಮ್ಮನಿಗಿಂತ ನೀನೇ ಎಲೆಕೋಸಿನ ಸುರುಳಿ ಚೆನ್ನಾಗಿ ಮಾಡ್ತೀಯ ಅಂತ ಒಪ್ಕೊಂಡೆ. ಅದಕ್ಕೂ ನೀನು ಕುಣ್ಕೊಂಡು ಹೊರಗೆ ಬರ್ಲಿಲ್ಲ. ಆಗ್ಲೇ ಒಳಗೆ ಯಾರೂ ಇಲ್ಲ ಅಂತ ಗೊತ್ತಾಗೋಯ್ತು."

ಲವಾನ್ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ನಗುವಿಗೋ ಅಳುವಿಗೋ ತಿಳಿಯಲಿಲ್ಲ. ನನ್ನದೂ ಅದೇ ಸ್ಥಿತಿ.

ಅಂದು ಸಂಜೆ ಓರೆಸ್ಟ್ ನಿಜಕ್ಕೂ ಪಾತ್ರೆ ತೊಳೆದ. ಎರಡು ದಿನದ ನೀರನ್ನು ಒಂದೇ ಬಾಣಲೆಗೆ ಸುರಿದ, ಇರಲಿ. ಆಮೇಲೆ ಗಂಭೀರವಾಗಿ ಪಟ್ಟಿ ಕೆಳಗಿಳಿಸಿ, ಅಳಿಸಿ ಹೋಗದ ಶಾಯಿಯಲ್ಲಿ ಏನೋ ಬರೆದು, "ಇನ್ನು ಜನ್ಮದಲ್ಲಿ ಹೀಗಾಗಲ್ಲ!" ಎಂದು ಮಲಗಿದ.

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ದೀಪ ಹಿಡಿದು ಓದಿದೆ. ಮೂವತ್ತೊಂದು: ಕಸದ ಡಬ್ಬಿಯ ಮುಚ್ಚಳ. ಅದರ ಕೆಳಗೆ, ಮೂವತ್ತೆರಡು: ಹೆಂಡತಿ ಗಾಡಿಯಲ್ಲಿದ್ದಾಳೆಯೇ?

ಬರೆದದ್ದು ಬಲಗಡೆ. 'ಒಳಗೆ'. ನನ್ನ ಇಪ್ಪತ್ತಮೂರನೆಯ ಕೆಲಸ!

ಅವನನ್ನು ಎಬ್ಬಿಸಿ ರಂಪ ಮಾಡಬಹುದಿತ್ತು. ಎಂದಿನಂತೆ ಗುರುತು ಹಾಕಿ ಕಾಫಿಗಿಡಬಹುದಿತ್ತು. ಗುರುತು ಹಾಕುವ ಪೆನ್ನನ್ನು ಕೈಗೆತ್ತಿಕೊಂಡೆ. ಆಮೇಲೆ ಅದರ ಮುಚ್ಚಳ ಹಾಕಿ, ಅವನ ಸೀಟಿನ ಮೇಲಿಟ್ಟು, ದೀಪ ಆರಿಸಿ, ಹಾಸಿಗೆಗೆ ಮರಳಿ ಕೌದಿಯನ್ನು ತಲೆಯವರೆಗೂ ಎಳೆದುಕೊಂಡೆ.

ಗುರುತು ಬೀಳದೆ ಗಾಡಿ ಹೊರಡುವುದಿಲ್ಲ. ಹುಡುಕಿಕೊಂಡು ಬರಲಿ. ಮೂವತ್ತೆರಡು ಅಡಿ ತಾನೆ!