ಮುಟ್ಟಿದರೆ ಮೌನ, ಬಿಟ್ಟರೆ ಬೊಬ್ಬೆ: ಸೋದರಮಾವನ ಕೀಬೋರ್ಡಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೀಬೋರ್ಡ್ ಮಹಾಶಯರ ಹಳದಿಗಟ್ಟಿದ ಹಲ್ಲುಗಳ ಸನ್ನಿಧಿಗೆ, ನಾಟಕ ತಂಡದ ಧ್ವನಿ ವಿಭಾಗದ ಏಕೈಕ ಸದಸ್ಯನ ಸವಿನಯ ನಮಸ್ಕಾರಗಳು.

ಮಾನ್ಯರೇ, ಸೋದರಮಾವನ ಕೈಯಲ್ಲಿ ಆರ್ಕೆಸ್ಟ್ರಾಗಳನ್ನು ಆಳಿ ನಿವೃತ್ತರಾಗಿ ಬಂದ ತಮ್ಮನ್ನು ಅಟ್ಟಕ್ಕೆ ಕಳಿಸದೆ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ನನ್ನ ಹೊಸ ಮಾಡ್ಯುಲರ್ ಸಿಂಥಸೈಜರ್‌ನ ಪಕ್ಕದಲ್ಲೇ ಕೂರಿಸಿದೆ. ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ, ಎಲ್ಲದರ ನಡುವೆ ವೈರುಗಳ ಜಗ್ಗಾಟ, ಹೀಗೆ ಕೂಡುಕುಟುಂಬದಂತಿರುವ ಆ ಯಂತ್ರಕ್ಕೆ ತಮ್ಮಿಂದ ಬೇಕಾಗಿದ್ದು ಎರಡೇ ಮಾತು: ಸ್ವರ ಎಷ್ಟು ಎತ್ತರ ಎಂದು ಒಂದು ವೈರಿನಲ್ಲಿ, ಯಾವಾಗ ಶುರು, ಯಾವಾಗ ಸಾಕು ಎಂದು ಇನ್ನೊಂದರಲ್ಲಿ. ಈ ಎರಡನೆಯದನ್ನೇ ಗೇಟ್ ಎನ್ನುತ್ತಾರೆ.

ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ಸ್ವರ ಒಂದು ಸ್ಥಾಯಿ ಏರಲು ಆ ಕೂಡುಕುಟುಂಬದವರಿಗೆ ಒಂದು ವೋಲ್ಟ್ ಸೇರಿದರೆ ಸಾಕು. ತಾವೋ ಪ್ರತಿ ಸ್ಥಾಯಿಗೂ ವೋಲ್ಟನ್ನು ದುಪ್ಪಟ್ಟು ಮಾಡುವ ಹಳೇ ಜಮೀನ್ದಾರರು. ಹಾಗಾಗಿ ನಾನು ಒಂದು ಮೆಟ್ಟಿಲು ಹತ್ತಿದರೆ ಅವರು ಮಾಳಿಗೆ ಸೇರುತ್ತಾರೆ, ಇನ್ನೊಂದು ಹತ್ತಿದರೆ ಬೀದಿನಾಯಿಗಳಿಗೆ ಮಾತ್ರ ಕೇಳಿಸುತ್ತಾರೆ. ಕೊನೆಗೆ ಇಡೀ ನಾಟಕಕ್ಕೆ ಒಂದೇ ಸ್ವರ ಸಾಕೆಂದು ಕೈಮುಗಿದೆ. ನಿರ್ದೇಶಕರು ಅದನ್ನು ಸಂಯಮವೆಂದು ಮೆಚ್ಚಿಕೊಂಡರು.

ಗೇಟಿನ ಸಂಗತಿ ಇನ್ನೂ ಘನವಾದದ್ದು. ಕೀ ಒತ್ತಿದಾಗ ವೋಲ್ಟ್ ಬರಲೆಂದು ಆ ಕುಟುಂಬದವರು ಕಾಯುತ್ತಾರೆ; ತಾವೋ, ಯಾರೂ ಮುಟ್ಟದಿದ್ದಾಗ ವೋಲ್ಟ್ ಸುರಿಸಿ, ಮುಟ್ಟಿದ ಕೂಡಲೇ ಸೊನ್ನೆಗೆ ಇಳಿಯುತ್ತೀರಿ. ತಮ್ಮ ವೋಲ್ಟೆಲ್ಲ ಅಲ್ಲಿ ಉಲ್ಟಾ. ಹಾಗಾಗಿ ಬೆರಳಿಟ್ಟರೆ ಸ್ವರ ನಿಲ್ಲುತ್ತದೆ, ತೆಗೆದರೆ ಅರಚುತ್ತದೆ. ನೆಂಟರು ಬಂದಾಗ ಬಾಗಿಲು ಜಡಿದು, ಹೋದಮೇಲೆ ಹಾರುಹೊಡೆದು ಕೂರುವ ಕಾವಲುಗಾರನನ್ನು ನಾನು ಇದೇ ಮೊದಲು ಕಂಡದ್ದು.

ನಾಟಕದ ಕೊನೆಯಲ್ಲಿ ನಾಯಕಿ, ಅಂದರೆ ನನ್ನ ಅಕ್ಕ, ಖಾಲಿ ಮನೆಯ ಹೊಸಿಲಲ್ಲಿ ನಿಂತು "ಯಾರಾದ್ರೂ ಇದೀರಾ?" ಎಂದಾಗ, ಒಳಗಿನಿಂದ ಉತ್ತರವೆಂಬಂತೆ ಆ ಸ್ವರ ಏಳಬೇಕು. ನನಗಿದ್ದದ್ದು ಅದೊಂದೇ ಕೆಲಸ. ಅದು ಕೆಟ್ಟರೆ ಧ್ವನಿ ವಿಭಾಗಕ್ಕೇ ಬೀಗ ಎಂದು ನಿರ್ದೇಶಕರು ನಗುತ್ತಲೇ ಹೇಳಿದ್ದರು; ನಗುತ್ತಾ ಹೇಳಿದ್ದನ್ನು ಅವರು ಮರೆಯುವವರಲ್ಲ. ತಾಲೀಮಿನಲ್ಲಿ ತಮ್ಮ ಬೊಬ್ಬೆ ಕೇಳಿ ಕೇಳಿ ಸಾಕಾದ ಅಕ್ಕನೇ ಉಪಾಯ ಹೇಳಿದಳು: "ಒತ್ತಿದ್ರೆ ಸುಮ್ನಾಗುತ್ತೆ ತಾನೇ? ಒತ್ಕೊಂಡೇ ಕೂತ್ಕೊಳ್ಳೋ. ನನ್ನ ಮಾತು ಮುಗಿದಾಗ ಬೆರಳು ತೆಗಿ."

ಮೊದಲ ಪ್ರಯೋಗದಂದು ನಾಟಕದುದ್ದಕ್ಕೂ ಒತ್ತಿಕೊಂಡೇ ಕೂತೆ. ಅಕ್ಕ ಹೊಸಿಲಿಗೆ ಬಂದು ಕೇಳಿದಳು. ಶುರು ಎಂದರೆ ಒತ್ತುವುದು ಎಂದು ಕಲಿತ ಬೆರಳು, ಒತ್ತಿದ್ದನ್ನೇ ಇನ್ನಷ್ಟು ಒತ್ತಿತು. ತಾವೂ ಇನ್ನಷ್ಟು ನಿಷ್ಠೆಯಿಂದ ಸುಮ್ಮನಾದಿರಿ. ಅಕ್ಕ ಕಾದಳು, ಸಭೆ ಕಾಯಿತು, ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಪರದೆ ಬಿದ್ದಮೇಲೆ ನಿರ್ದೇಶಕರು ಒದ್ದೆಗಣ್ಣಿನಿಂದ ನನ್ನ ಭುಜ ಹಿಡಿದು, "ಎಂಥಾ ಮೌನ ಕೊಟ್ಟೆಯಪ್ಪಾ. ಇನ್ಮೇಲೆ ಪ್ರತಿಸಲಾನೂ ಇದೇ ಕೊಡು" ಎಂದರು.

ಹೀಗೆ, ಮಾನ್ಯರೇ, ತಂಡದ ಅಧಿಕೃತ ಮೌನವಾದಕನಾಗಿ ನನಗೆ ಬಡ್ತಿಯಾಗಿದೆ. ಪ್ಲಗ್ ಕಿತ್ತರೂ ಇದೇ ಮೌನ ಪುಕ್ಕಟೆ ಸಿಗುತ್ತದೆಂದು ನಿರ್ದೇಶಕರಿಗೆ ಹೊಳೆಯುವವರೆಗೆ ನನ್ನ ಸ್ಥಾನ ಭದ್ರ. ಆದ್ದರಿಂದ ತಾವು ದಯಮಾಡಿ ನಡುನಡುವೆ ಒಮ್ಮೆ ಕೆಮ್ಮಿ, ನಾವಿಬ್ಬರೂ ಕಷ್ಟಪಟ್ಟು ಸುಮ್ಮನಿದ್ದೇವೆಂದು ಸಭೆಗೆ ತಿಳಿಸಬೇಕಾಗಿ ಕೋರಿಕೆ.

ಬೆರಳೆತ್ತಲಾಗದೆ ಕುಳಿತಿರುವ,
ತಮ್ಮ ವಿಶ್ವಾಸಿ,
ಧ್ವನಿ ವಿಭಾಗ

ವಿ.ಸೂ.: ತಮ್ಮ ಉಲ್ಟಾ ಗೇಟನ್ನು ನೆಟ್ಟಗೆ ತಿರುಗಿಸಿ ಆ ಯಂತ್ರಕ್ಕೆ ದಾಟಿಸುವ ಪುಟ್ಟ ಪೆಟ್ಟಿಗೆಯೊಂದು ಸಿಗುತ್ತದಂತೆ. ತರೋಣವೆಂದರೆ ಅಕ್ಕ ಒಪ್ಪಲಿಲ್ಲ. ಇಡೀ ತಂಡದಲ್ಲಿ ಅವಳು ಮಾತಾಡುವಾಗ ಸುಮ್ಮನಿರುವವರು ತಾವೊಬ್ಬರೇ ಅಂತೆ.