ಭಾವನವರು ಗ್ರಾಫಿಕ್ಸ್ ಕಾರ್ಡ್ ತಂದದ್ದು

ನಮ್ಮ ಭಾವನವರಷ್ಟು ಮನಸ್ಸಿಟ್ಟು ಹೆದರುವ ಮನುಷ್ಯ ಮಸ್ಕಿಯಲ್ಲೇ ಇನ್ನೊಬ್ಬರಿಲ್ಲ! ನಾವೆಲ್ಲ ಕಷ್ಟ ಬಂದ ಮೇಲೆ ಹೆದರುತ್ತೇವೆ. ನಮ್ಮಕ್ಕನ ಗಂಡ ಮುಂಗಡವಾಗಿ ಹೆದರಿ ಕೂತಿರುತ್ತಾರೆ. ಕುಕ್ಕರ್ ಕೂಗಿದರೆ ಎಲ್ಲರನ್ನೂ ಅಡುಗೆಮನೆಯಿಂದ ಹೊರಗೆ ಕರೆಯುತ್ತಾರೆ. ಹೊಸ ಫ್ಯಾನಿನ ಕೆಳಗೆ ಮೊದಲ ರಾತ್ರಿ ಯಾರೂ ಮಲಗುವಂತಿಲ್ಲ. ಇಂಥವರ ಮನೆಯಲ್ಲಿ ಕಂಪ್ಯೂಟರ್ ಬಿಚ್ಚುವ ಪ್ರಸಂಗ ಬಂದರೆ ಹೇಗಿರಬೇಡ?

ಆ ಪ್ರಸಂಗ ತಂದವಳು ಅವರ ಮಗಳು. ಇನ್ನೂ ಕಟ್ಟದ ಮನೆ, ಕಟ್ಟಿದ ಮೇಲೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು ಅವಳ ಕೆಲಸ. ಸಿಂಧನೂರಿನ ಇಂಜಿನಿಯರ್ ಒಬ್ಬರು ಮೊದಲ ಬಾರಿಗೆ ದೊಡ್ಡ ಕೆಲಸ ಕೊಟ್ಟಿದ್ದರು. ಸೋಮವಾರಕ್ಕೆ ಮುಗಿಸದಿದ್ದರೆ ಅದು ಬೇರೆಯವರ ಪಾಲು. ಹಳೆಯ ಕಂಪ್ಯೂಟರೋ, ಚಿತ್ರದಲ್ಲಿ ಮೆಟ್ಟಿಲು ಬರುವಷ್ಟರಲ್ಲೇ ಸುಸ್ತಾಗಿ ನಿಂತುಬಿಡುತ್ತಿತ್ತು. ಚಿತ್ರದ ಕೆಲಸಕ್ಕೆ ಬಲ ಕೊಡುವ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು ಎಂದಳು. ಅದು ಮದರ್‌ಬೋರ್ಡಿನ ಸ್ಲಾಟಿನ ಸೀಳಿಗೆ ಕೂಡದಿದ್ದರೆ? ಕೂತು ಬೋರ್ಡೇ ಸುಟ್ಟರೆ? ಭಾವನವರಿಗೆ ಊಟ ಸೇರಲಿಲ್ಲ.

ಅವರು ಹಟ್ಟಿಯ ಚಿನ್ನದ ಗಣಿಯ ಉಗ್ರಾಣದಲ್ಲಿ ಯಂತ್ರದ ಬಿಡಿಭಾಗ ಕೊಡುತ್ತಿದ್ದು ನಿವೃತ್ತರಾದವರು. ಹಳೆಯ ತುಂಡನ್ನು ತಂದು ತೋರಿಸದ ಹೊರತು ಯಾರಿಗೂ ಹೊಸದನ್ನು ಕೊಟ್ಟವರಲ್ಲ. ಇಲ್ಲಿ ಹಳೆಯ ಕಾರ್ಡೇ ಇಲ್ಲವಲ್ಲ! ಯಾರದೋ ಲಗ್ನಪತ್ರಿಕೆಯನ್ನು ಸ್ಲಾಟಿನ ಉದ್ದಕ್ಕೆ ಕತ್ತರಿಸಿ, ಕೆಳಗೆ ಕಚ್ಚು ತೆಗೆದು, ಮೆಲ್ಲಗೆ ಇಳಿಸಿ ನೋಡಿದರು. ಕೂತಿತು. ಗಣಪತಿಯ ಸೊಂಡಿಲು ಮಾತ್ರ ಹೊರಗಿತ್ತು.

ಈ ಸ್ಯಾಂಪಲ್ ಹಿಡಿದು ನಮ್ಮಿಬ್ಬರ ಯಾತ್ರೆ ಹೊರಟಿತು. ಲಿಂಗಸುಗೂರಿನ ಅಂಗಡಿಯವನು ಪತ್ರಿಕೆ ಕಂಡದ್ದೇ ಮದುವೆಗೆ ಕರೆಯಲು ಬಂದಿದ್ದಾರೆಂದು ಚಹಾ ತರಿಸಿದ. ಚಹಾ ಕುಡಿದು ವಿಷಯ ಹೇಳಿದೆವು. ಅವನಲ್ಲಿ ಅಂಥ ಕಾರ್ಡೇ ಇರಲಿಲ್ಲ! ಸಿಂಧನೂರಿನ ಅಂಗಡಿಯವನು ಸ್ಯಾಂಪಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದ:

"ಸ್ಲಾಟಿಂದೇನ್ ಚಿಂತಿ ಮಾಡಬ್ಯಾಡ್ರಿ, ಕೂಡ್ತೈತಿ. ಕಂಪ್ಯೂಟರ್ ಡಬ್ಬಿಯೊಳಗ ಜಾಗಾ ಎಷ್ಟೈತಿ, ಪವರ್ ಸಪ್ಲೈ ಎಷ್ಟು ತಡಕೊಂತೈತಿ, ಅದನ್ನ ನೋಡ್ಕೊಂಡು ಬರ್ರಿ."

ಎದೆ ಹಿಡಿದುಕೊಂಡು ಮನೆಗೆ ಬಂದ ಭಾವನವರು ಈ ಸಲ ಮಿಠಾಯಿ ಡಬ್ಬಿಯ ರಟ್ಟಿನಲ್ಲಿ, ಅಂಗಡಿಯಲ್ಲಿ ಕಂಡ ಅಳತೆಗೇ, ಪೂರ್ಣಪ್ರಮಾಣದ ಕಾರ್ಡ್ ಕತ್ತರಿಸಿದರು. ಒಳಗಿಟ್ಟರೆ ಹಾರ್ಡ್ ಡಿಸ್ಕಿಗೆ ಢಿಕ್ಕಿ! "ನೋಡಿದ್ಯಾ? ಅಂಜಿದ್ದಕ್ಕ ಉಳಿದ್ವಿ" ಎಂದು ನನ್ನನ್ನು ನೋಡಿದರು. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ನನಗೂ ಅಂಜಿಕೆ ಅಂಟಿತ್ತು.

ಕೊನೆಗೆ ಗಿಡ್ಡನೆಯ, ಬೇರೆ ಕರೆಂಟಿನ ವೈರು ಬೇಡದ ಕಾರ್ಡೊಂದು ಸಿಕ್ಕಿತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಭಾವನವರು ಅದನ್ನು ತಲೆಯ ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಸಂತೆಕಲ್ಲೂರಿಗೆ ಹೊರಟಿದ್ದ ಅಜ್ಜಿಯೊಬ್ಬಳು, ತತ್ತಿ ಒಯ್ಯುತ್ತಿದ್ದೀರೇನು ಎಂದು ವಿಚಾರಿಸಿದಳು.

ಭಾನುವಾರ ಬೆಳಿಗ್ಗೆ ಮುಹೂರ್ತ. ಕಾರ್ಡನ್ನು ಟಕ್ ಎನ್ನುವವರೆಗೆ ಒತ್ತಬೇಕು. ಬೋರ್ಡು ಬಿರುಕು ಬಿಟ್ಟೀತೆಂದು ಭಾವನವರು ಒತ್ತಲೂ ಇಲ್ಲ, ನಮಗೆ ಒತ್ತಲು ಬಿಡಲೂ ಇಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಇಟ್ಟು, ಸ್ವಿಚ್ ಹಾಕು ಎಂದರು.

ಫ್ಯಾನು ಭರ್ರೆಂದಿತು. ಪರದೆ ಕಪ್ಪಾಗಿಯೇ ಇತ್ತು. ಒಳಗಿನಿಂದ ಉದ್ದನೆಯ ಬೀಪ್ ಶುರುವಾಯಿತು. ಅಕ್ಕ ತಾಳಿ ಹಿಡಿದುಕೊಂಡು ಬಾಗಿಲಿಗೆ ಒರಗಿದಳು. ಕಾರ್ಡ್ ಅರ್ಧ ಮೇಲೆದ್ದಿದೆ ಎಂದು ಮೊದಲು ಕಂಡವಳು ಮಗಳು. ಕರೆಂಟು ಇದೆಯೆಂಬುದನ್ನೇ ಮರೆತು ಒತ್ತಲು ಒಳಗೆ ಕೈ ಹಾಕಿದಳು.

ಭಾವನವರು ಅವಳ ಕೈಯನ್ನು ಹಿಂದಕ್ಕೆಳೆದ ರಭಸಕ್ಕೆ ಬಳೆ ಒಡೆಯಿತು. ಇನ್ನೊಂದು ಕೈಯಿಂದ ಪ್ಲಗ್ ಕಿತ್ತೆಸೆದರು.

"ಅದು ಸುಟ್ರ ಸುಡ್ಲಿ. ನಿನ್ನ ಕೈ ಹ್ವಾದ್ರ ನಾ ಯಾವ ಅಂಗಡ್ಯಾಗ ಹುಡುಕ್ಲವ್ವಾ?"

ಕೊನೆಗೆ ನಾನೇ ಕಾರ್ಡನ್ನು ಒತ್ತಿದೆ, ಟಕ್ ಎಂದಿತು. ಪ್ಲಗ್ ಹಾಕಿದೆವು. ತುಸು ಹೊತ್ತಿಗೆ ಪರದೆಯ ಮೇಲೆ, ಇನ್ನೂ ಯಾರೂ ಕಟ್ಟದ ಆ ಮನೆ ಬಣ್ಣಬಣ್ಣವಾಗಿ ಮೂಡಿತು. ಅಕ್ಕ ನಕ್ಕಳು, ನಾನೂ ನಕ್ಕೆ. ಭಾವನವರು ಆ ಕಡೆ ತಿರುಗಲೇ ಇಲ್ಲ. ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಳೆಚೂರು ಚುಚ್ಚಿದ ಜಾಗಕ್ಕೆ ಊದುತ್ತಾ ಕೂತಿದ್ದರು.