ಚಿಕ್ಕಮ್ಮನ ಬಾಯಿಗೆ ಕೂರದ ಹೊಸ ಆವೃತ್ತಿ

ಮಾನ್ಯ ನವೀಕರಣ ವಿಭಾಗದ ಮುಖ್ಯಸ್ಥರೇ,

ಹಲ್ಲು ಕಟ್ಟುವ ಕಾರ್ಯಾಗಾರವೊಂದರಲ್ಲಿ ಕೂತಲ್ಲೇ ಕೂದಲು ನೆರೆಸಿಕೊಂಡ ನಾನು, ತಮ್ಮ ಮುಖ ಕಂಡವನಲ್ಲದಿದ್ದರೂ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ತಮ್ಮನ್ನೇ ಮೊದಲು ನೆನೆಯುವವನಾದ್ದರಿಂದ, ಹತ್ತಿರದವನೆಂಬ ಸಲಿಗೆಯಿಂದ ವಂದಿಸಿ ಬರೆದುಕೊಳ್ಳುತ್ತಿದ್ದೇನೆ. ಇಲ್ಲಿ ನಾವೆಲ್ಲರೂ ಕ್ಷೇಮ, ಚಿಕ್ಕಮ್ಮನ ಮೇಲ್ದವಡೆಯ ಬಲಭಾಗವೊಂದನ್ನು ಬಿಟ್ಟು. ತಾವೂ ತಮ್ಮ ಸರ್ವರುಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರ ಬರೆದರೆ ನಮ್ಮ ಖಾತೆಯನ್ನೇ ಅಳಿಸಿಬಿಟ್ಟಾರೇನೋ ಎಂದು ಒಂದು ಭಯ, ಬರೆಯದಿದ್ದರೆ ಇನ್ನೊಬ್ಬರ ಬಾಯಿಗೂ ಇದೇ ಗತಿ ಬಂದೀತೇನೋ ಎಂದು ಇನ್ನೊಂದು ಭಯ. ಎರಡನ್ನೂ ಬಹಳ ಹೊತ್ತು ಎದುರುಬದುರು ಕೂರಿಸಿ ನೋಡಿದ ಮೇಲೆ ಎರಡನೆಯದು ತುಸು ದಪ್ಪಗೆ ಕಂಡಿತು, ಪೆನ್ನು ಹಿಡಿದೆ.

ತಮ್ಮ ಸಂಸ್ಥೆಯ ಪುಟದಲ್ಲಿ 'ವೆಬ್ ಅಪ್ಲಿಕೇಶನ್ ಕಟ್ಟುವ, ನವೀಕರಿಸುವ ಮತ್ತು ಕಾಪಾಡುವ ಉಪಯುಕ್ತ ಸಲಹೆಗಳು' ಎಂಬ ಬರಹವನ್ನು ಓದಿ ಆನಂದಪಟ್ಟೆ. ಕೊನೆಯಲ್ಲಿ 'ಬಳಕೆದಾರರ ಅನುಭವಗಳಿಗೂ ಸ್ವಾಗತ' ಎಂದು ತಾವೇ ಬರೆದಿದ್ದೀರಿ. ಈ ಪತ್ರ ಆ ಸ್ವಾಗತವನ್ನು ನಂಬಿ ಹೊಸಿಲು ದಾಟಿದ್ದು. ನನ್ನ ಓದು ಬಿಟ್ಟು ಬಿಟ್ಟು ಆದದ್ದು. ಏಳನೇ ತರಗತಿಯ ಮೊದಲರ್ಧವನ್ನು ಒಂದು ಊರಿನ ಶಾಲೆಯಲ್ಲೂ, ಮನೆ ಬದಲಾದ ಮೇಲೆ ಮತ್ತದೇ ಮೊದಲರ್ಧವನ್ನು ಇನ್ನೊಂದು ಊರಿನ ಶಾಲೆಯಲ್ಲೂ ಓದಿದೆನೇ ಹೊರತು ಎರಡನೆಯ ಅರ್ಧ ಇವತ್ತಿಗೂ ಕೈಗೆ ಸಿಕ್ಕಿಲ್ಲ. ಹೀಗಾಗಿ ಯಾವುದೇ ವಿಷಯದ ಆರಂಭ ನನಗೆ ಚೆನ್ನಾಗಿ ಗೊತ್ತು, ಮುಂದೇನಾಯಿತೋ ಎಂಬ ಆತಂಕ ಮಾತ್ರ ಜೊತೆಗೇ ಉಳಿದಿದೆ. ಈ ಸ್ವಭಾವದವನನ್ನು ತಾವು ಸಹಿಸಿಕೊಳ್ಳಬೇಕು.

ನಮ್ಮ ಕೆಲಸ ತಮಗೆ ತಿಳಿದದ್ದೇ. ದಂತವೈದ್ಯರು ರೋಗಿಯ ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ತೆಗೆದ ಚಿತ್ರವನ್ನು ತಮ್ಮ ಅಪ್ಲಿಕೇಶನ್ನಿಗೆ ಏರಿಸುತ್ತಾರೆ, ಇಲ್ಲಿ ನಾವು ಅದನ್ನು ಇಳಿಸಿಕೊಳ್ಳುತ್ತೇವೆ, ಯಂತ್ರ ಆ ಚಿತ್ರದಂತೆಯೇ ದವಡೆಯ ಅಚ್ಚು ಮಾಡಿಕೊಡುತ್ತದೆ, ನಾನು ಅದರ ಮೇಲೆ ಹಲ್ಲು ಕಟ್ಟುತ್ತೇನೆ. ಹಳೆಯ ಅಪ್ಲಿಕೇಶನ್ ನೋಡಲು ಏನೂ ಚೆಂದವಿರಲಿಲ್ಲ. ಬೂದು ಬಣ್ಣ, ಮೊಂಡು ಗುಂಡಿಗಳು, ಮಳೆಗಾಲದ ಗೋಡೆಯ ಹಾಗೆ ಮುಖ. ಆದರೆ ಚಿತ್ರ ಯಾವತ್ತೂ ಎದುರಿಗೆ ಕೂತ ಮನುಷ್ಯನ ಹಾಗಿರುತ್ತಿತ್ತು. ಎದುರಿಗೆ ಕೂತವರ ಬಲಗೆನ್ನೆ ನಮ್ಮ ಎಡಗೈ ಕಡೆಗಿರುತ್ತದಲ್ಲ, ಅದಕ್ಕೇ ಚಿತ್ರದ ಎಡಗಡೆ ಅಂಚಿನಲ್ಲಿ 'ಬಲ' ಎಂದು ಬರೆದಿರುತ್ತಿತ್ತು. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ನೋಡುವುದು. ಯಾಕೆ ಎಂದು ಯಾರೂ ಕೇಳಿದ್ದಿಲ್ಲ, ಯಾರೂ ಹೇಳಿದ್ದಿಲ್ಲ.

ಇನ್ನು ಚಿಕ್ಕಮ್ಮನ ವಿಷಯ. ಅವರು ನನ್ನ ತಾಯಿಯ ತಂಗಿ. ಮೊನ್ನೆ ಮೊನ್ನೆಯವರೆಗೂ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿಗೆ, ಯಾವುದು ತಡ, ಯಾರ ಚೀಲ ಸಿಕ್ಕಿದೆ ಎಂದು ಕೂಗುತ್ತಿದ್ದವರು. ಮದುವೆಗೆ ಪುರುಸೊತ್ತಾಗಲಿಲ್ಲ ಎಂದು ಅವರೇ ಹೇಳುತ್ತಾರೆ. ನಿವೃತ್ತರಾದ ಮೇಲೆ, ನಿಲ್ದಾಣದ ಮೂಲೆಯ ಅಂಗಡಿಯ ಗಡಿಯಾರ ರಿಪೇರಿಯವರು ಮನೆ ಹುಡುಕಿಕೊಂಡು ಬಂದರು. "ನೀವು ಬಿಟ್ಟ ಮೇಲೆ ಅಲ್ಲಿ ಯಾರೋ ಕೂಗ್ತಾರೆ, ನಂಗೆ ಒಂದೂ ಬಸ್ಸು ಬಂದ ಹಾಗೇ ಅನ್ಸಲ್ಲ" ಎಂದು ಹೇಳಿ, ಕೊಟ್ಟ ನೀರು ಕುಡಿಯದೆ ಎದ್ದು ಹೋದವರು ಮರುವಾರ ಮತ್ತೆ ಬಂದರು. ಹೀಗೆ ಎಲ್ಲ ಕೂಡಿಬಂದು, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ದಿನವೂ ಗೊತ್ತಾಗಿರುವಾಗ ಚಿಕ್ಕಮ್ಮ ಸ್ನಾನದ ಮನೆಯಲ್ಲಿ ಜಾರಿ ಮೇಲ್ದವಡೆಯ ಬಲಗಡೆಯ ಮುಂದಿನ ಹಲ್ಲು ಮೂರು ಕಳೆದುಕೊಂಡರು. ಅವತ್ತಿನಿಂದ ಕೈ ಬಾಯಿಗೆ ಅಡ್ಡ. 'ಸ' ಎಂದರೆ ಸೀಟಿ. ಕಚೇರಿಯಲ್ಲಿ ಓದಿ ಹೇಳಬೇಕಾದ ವಾಕ್ಯವೋ, ಅದನ್ನು ಬರೆದ ಮಹಾನುಭಾವರು ಹಿಂದೆ ಮುಂದೆ ನೋಡದೆ 'ಸ್ವಸಂತೋಷದಿಂದ ಸಂಪೂರ್ಣವಾಗಿ ಸಮ್ಮತಿಸುತ್ತೇನೆ' ಎಂದು ಬರೆದಿಟ್ಟಿದ್ದಾರೆ. "ದನಿ ಕೇಳಿ ಬಂದ ಮನುಷ್ಯನ ಮುಂದೆ ಕುಕ್ಕರ್ ಥರ ಕೂಗ್ಲಾ? ಹಲ್ಲು ಬರ್ಲಿಲ್ಲ ಅಂದ್ರೆ ಮದ್ವೆ ಇಲ್ಲ, ಮುಂದಕ್ಕೂ ಹಾಕಲ್ಲ" ಎಂದು ಚಿಕ್ಕಮ್ಮ ಖಂಡತುಂಡವಾಗಿ ಹೇಳಿದರು. ಅವರು ಹೇಳಿದರೆ ಬಸ್ಸೇ ನಿಲ್ಲುತ್ತಿತ್ತು, ಮದುವೆ ನಿಲ್ಲುವುದು ದೊಡ್ಡದಲ್ಲ.

ಮದುವೆ ಇದ್ದ ಆ ವಾರದ ಸೋಮವಾರ ಬೆಳಿಗ್ಗೆ, ಊರಿನ ಚಿಕಿತ್ಸಾಲಯಗಳೆಲ್ಲ ಒಟ್ಟಿಗೆ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ, ತಾವು ಹೊಸ ಆವೃತ್ತಿಯನ್ನು ಬಿಟ್ಟಿರಿ. ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಯಾರೂ ಇಲ್ಲದ ಹೊತ್ತಿನಲ್ಲಿ ಬಿಟ್ಟಿದ್ದರೆ ತಮ್ಮ ಶ್ರಮವನ್ನು ನೋಡುವವರಾದರೂ ಯಾರಿದ್ದರು? ತಿಳಿನೀಲಿ ಬಣ್ಣ, ದುಂಡನೆಯ ಮೂಲೆಗಳು, ತೆರೆಯುವಾಗ ಒಂದು ಹಲ್ಲು ನಗುತ್ತಾ ಗಿರಗಿರ ತಿರುಗುವುದು. ಅದು ತಿರುಗುವುದನ್ನು ನಾವು ಕಾರ್ಯಾಗಾರದವರೆಲ್ಲ ಸೇರಿ ಮಧ್ಯಾಹ್ನದ ಊಟದವರೆಗೂ ನೋಡಿದೆವು. ಆಮೇಲೆ ಒಳಗೆ ಹೋದರೆ, ಬೇರೆಯವರ ಮನೆಯ ಅಡುಗೆಮನೆಯಲ್ಲಿ ಚಮಚ ಹುಡುಕಿದ ಹಾಗಾಯಿತು. ಪೂರಾ ಹಲ್ಲು ಕಟ್ಟುವ ಮೊದಲು ಮೇಣದಲ್ಲಿ ಒಂದು ಮಾಡಿ ರೋಗಿಯ ಬಾಯಿಗೆ ಕೂರುತ್ತದೋ ಎಂದು ನೋಡುವ ರೂಢಿ ನಮ್ಮದು. ಆ 'ಮೇಣದ ಪರೀಕ್ಷೆ' ಗುಂಡಿ ಇದ್ದಲ್ಲಿ ಇರಲಿಲ್ಲ. ಅದನ್ನು ತಾವು ಮೂರು ಅಡ್ಡಗೆರೆಗಳ ಹಿಂದೆ, 'ಇತರೆ' ಎಂಬುದರ ಒಳಗೆ, 'ಅಪರೂಪದ ಸೌಲಭ್ಯಗಳು' ಎಂಬಲ್ಲಿ ಜೋಪಾನವಾಗಿ ಇಟ್ಟಿದ್ದಿರೆಂದು ತಿಳಿದದ್ದು ಎಲ್ಲ ಆದಮೇಲೆ. ಗುಂಡಿ ಕಾಣದ್ದರಿಂದ ಆ ಪದ್ಧತಿಯನ್ನೇ ವೈದ್ಯರು ಬಿಟ್ಟರೆಂದು ನಾವೂ, ನಾವು ಬಿಟ್ಟೆವೆಂದು ವೈದ್ಯರೂ ತಿಳಿದುಕೊಂಡೆವು. ಕೇಳಲು ಇಬ್ಬರಿಗೂ ಸಂಕೋಚ.

ಜೊತೆಗೆ ತಾವು ಇನ್ನೊಂದು ಉಪಕಾರವನ್ನೂ ಮಾಡಿದ್ದಿರಿ. ಚಿತ್ರದ ಎಡಗಡೆ 'ಬಲ' ಎಂದು ಬರೆದಿರುವುದನ್ನು ತಮ್ಮಲ್ಲಿ ಯಾರೋ ಕಂಡು, ಹಳಬರು ಎಂಥ ಪೆದ್ದರು ಎಂದು ಮರುಗಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಗುಚಿ 'ಬಲ' ಎಂಬುದನ್ನು ಬಲಗಡೆಗೆ ತಂದು, ಬದಲಾವಣೆಗಳ ಪಟ್ಟಿಯ ತೀರಾ ಕೆಳಗೆ 'ಎಡಬಲದ ಗೊಂದಲ ನಿವಾರಿಸಲಾಗಿದೆ' ಎಂದು ಸಣ್ಣಕ್ಷರದಲ್ಲಿ ಬರೆದರು. ಯಂತ್ರಕ್ಕೇನು ಗೊತ್ತು, ಮಗುಚಿದ ಬಾಯಿಗೇ ಅಚ್ಚು ಹೊಯ್ದು, ಖಾಲಿ ಜಾಗದ ಪಕ್ಕ 'ಬಲ' ಎಂದು ಮುದ್ರೆಯನ್ನೂ ಒತ್ತಿಕೊಟ್ಟಿತು.

ಚಿಕ್ಕಮ್ಮನ ಅಚ್ಚು ಕೈಗೆ ಬಂದಾಗ ಖಾಲಿ ಜಾಗ ಯಾಕೋ ಅದಲುಬದಲಾದ ಹಾಗೆ ಕಂಡಿತು. ಮೇಲ್ದವಡೆಯ ಅಚ್ಚನ್ನು ಮೇಜಿನ ಮೇಲೆ ಅಂಗಾತ ಇಟ್ಟೆ, ಕವುಚಿ ಇಟ್ಟೆ, ನನ್ನ ಬಾಯಿಯ ಹತ್ತಿರ ಹಿಡಿದು ಕನ್ನಡಿ ನೋಡಿದೆ. ಕನ್ನಡಿ ನೋಡಿದ ಮೇಲೆ ನನ್ನದೇ ಎಡಗೈ ಯಾವುದೆಂಬ ಅನುಮಾನವೂ ಸೇರಿಕೊಂಡಿತು. ಚಿಕ್ಕಮ್ಮನನ್ನು ಕೇಳೋಣವೆಂದರೆ ಅವರು ಬಾಯಿಗೆ ಅಡ್ಡ ಇಟ್ಟ ಕೈ ತೆಗೆಯುತ್ತಿರಲಿಲ್ಲ. ಕಾರ್ಯಾಗಾರದ ಯಜಮಾನರಿಗೆ ಹೇಳಿದರೆ, "ನಿಂಗೆ ಅನುಮಾನ ಬರದೇ ಇರೋ ದಿನ ಹೇಳು, ಅವತ್ತು ಡಾಕ್ಟ್ರನ್ನ ಕರೆಸ್ತೀನಿ" ಎಂದು ಅವರು ಕನ್ನಡಕವನ್ನೂ ಎತ್ತದೆ ಕೆಲಸ ಮುಂದುವರಿಸಿದರು. ಕೊನೆಗೆ ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಎಷ್ಟು ಮಧುರವಾಗಿ ಮಾತನಾಡಿದರೆಂದರೆ, "ಸಾರ್, ಬಲ ಅಂತ ಬರೆದಿದ್ಯಾ? ಬಲಗಡೆಗೇ ಬರೆದಿದ್ಯಾ? ಮತ್ತಿನ್ನೇನು ಸಾರ್, ಆರಾಮಾಗಿರಿ" ಎಂದಾಗ ನನ್ನ ಭುಜಗಳು ತಾವಾಗಿಯೇ ಕೆಳಗಿಳಿದವು. ಹುಟ್ಟಿದಾಗಿನಿಂದ ನನಗೆ ಆರಾಮಾಗಿರು ಎಂದವರು ಬಹಳ, ಕಾರಣ ಕೊಟ್ಟು ಹೇಳಿದವರು ಅವರೊಬ್ಬರೇ. ನಾನು ಆರಾಮಾದೆ. ಹಾಡು ಗುನುಗುತ್ತ ಹಲ್ಲು ಕಟ್ಟಿದೆ. ಅಷ್ಟು ನಯವಾದ ಕೆಲಸವನ್ನು ನನ್ನ ಕೈ ಎಂದೂ ಮಾಡಿರಲಿಲ್ಲ. ಅಚ್ಚಿಗೆ ಅದು ಟಕ್ಕೆಂದು ಕೂತಿತು. ಮದುವೆಯ ಹಿಂದಿನ ದಿನ ಚಿಕಿತ್ಸಾಲಯಕ್ಕೆ ಒಯ್ದರೆ, ಬಾಯಿಗೆ ಕೂರಲಿಲ್ಲ. ಚಿಕ್ಕಮ್ಮನಿಗೆ ಎಡಗಡೆ ಇರುವ ಹಲ್ಲುಗಳಿಗೇ ನಾನು ಜೊತೆಗಾರರನ್ನು ಮಾಡಿಕೊಟ್ಟಿದ್ದೆ. ಅವರು ಬಯ್ಯಲಿಲ್ಲ. ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿ, "ಅವ್ರಿಗೆ ನಾಳೆ ಅಂಗಡಿ ತೆಗೀಬೋದು ಅಂತ ಹೇಳ್ಬಿಡು" ಎಂದರು.

ಜೀವ ಕೈಯಲ್ಲಿ ಹಿಡಿದು ತಮಗೆ ಮತ್ತೆ ಫೋನಾಯಿಸಿ, ಒಂದೇ ಒಂದು ಮಧ್ಯಾಹ್ನದ ಮಟ್ಟಿಗೆ ಹಳೆಯ ಆವೃತ್ತಿಯನ್ನು ಕೊಡಿ, ಬೂದು ಬಣ್ಣವಾದರೂ ಚಿಂತೆಯಿಲ್ಲ ಎಂದು ಬೇಡಿದೆವು. ಹಿಂದಕ್ಕೆ ಹೋಗುವ ದಾರಿಯನ್ನು ಇಟ್ಟುಕೊಂಡಿಲ್ಲವೆಂದೂ, ಸಂಸ್ಥೆಯ ದೃಷ್ಟಿ ಸದಾ ಮುಂದಕ್ಕೆಂದೂ ಉತ್ತರ ಬಂತು. ಎಂಥ ಧೈರ್ಯವಂತರು ತಾವು. ನಾನಾದರೋ ಮನೆಗೆ ಬೀಗ ಹಾಕಿದ ಮೇಲೂ ತಿರುಗಿ ಬಂದು ಎಳೆದು ನೋಡುವವನು.

ಆದ್ದರಿಂದ ತಮ್ಮ ಉಪಯುಕ್ತ ಸಲಹೆಗಳ ಸಾಲಿಗೆ ಈ ಅಂಜುಬುರುಕನದೂ ಕೆಲವನ್ನು ಸೇರಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಹೊಸ ಆವೃತ್ತಿಯನ್ನು ಮೊದಲು ಮೇಣದಲ್ಲಿ ಮಾಡಿ, ಅಂದರೆ ಯಾರ ಬಾಯಿಗೂ ಸಂಬಂಧವಿಲ್ಲದ ಒಂದು ನಕಲಿನಲ್ಲಿ ಓಡಿಸಿ, ಕಚ್ಚಿ ನೋಡಿ. ಸಾಧ್ಯವಾದರೆ ವಿಭಾಗದ ಮುಖ್ಯಸ್ಥರೇ ಒಂದು ವಾರ ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡಿ, ಊಟ ಮಾಡಿ, ಮನೆಯವರೊಂದಿಗೆ ಜಗಳವಾಡಿ ನೋಡಿ. ಒಂದೇ ದಿನ ಎಲ್ಲ ಊರುಗಳಿಗೂ ಬಿಡುವ ಬದಲು ಒಂದು ಚಿಕಿತ್ಸಾಲಯಕ್ಕೆ ಬಿಟ್ಟು, ಅಲ್ಲಿ ಯಾರೂ ಕೂಗಿಕೊಳ್ಳದಿದ್ದರೆ ಪಕ್ಕದ್ದಕ್ಕೆ ಬಿಡಿ. ಹಳೆಯದನ್ನು ಅಟ್ಟದ ಮೇಲಾದರೂ ಇಟ್ಟಿರಿ. ತಮ್ಮ ಅಪ್ಲಿಕೇಶನ್ನಿನಲ್ಲಿ ನಾನು ಟೈಪು ಮಾಡುವಾಗ ಸ್ವಲ್ಪ ಯೋಚಿಸಲು ನಿಂತರೆ ಹೊರಗೆ ದಬ್ಬಿ 'ತಾವು ಯಾರು' ಎಂದು ಕೇಳುತ್ತೀರಿ. ಆ ಪ್ರಶ್ನೆಯನ್ನು ನಾನೇ ಬೇಕಾದಷ್ಟು ಕೇಳಿಕೊಳ್ಳುವುದರಿಂದ ತಾವು ತೊಂದರೆ ತೆಗೆದುಕೊಳ್ಳಬೇಡಿ. ಏನಾದರೂ ಕೆಟ್ಟಾಗ 'ಅಯ್ಯೋ, ಏನೋ ತಪ್ಪಾಗಿದೆ' ಎಂದು ಬರೆಯುತ್ತೀರಲ್ಲ, ಆ 'ಏನೋ' ಎಂಬುದು ನಮ್ಮಂಥವರನ್ನು ಬಹಳ ಹಣ್ಣು ಮಾಡುತ್ತದೆ. ಏನು, ಎಲ್ಲಿ, ನಾವೀಗ ಮಾಡಬೇಕಾದ್ದೇನು ಎಂದು ಒಂದು ಸಾಲು ಸೇರಿಸಿದರೆ ಪುಣ್ಯ ಬರುತ್ತದೆ. ಕೊನೆಯದಾಗಿ, ಕಣ್ಣಿಗೆ ವಿಚಿತ್ರವಾಗಿ ಕಂಡದ್ದನ್ನೆಲ್ಲ ತಿದ್ದುವ ಮೊದಲು, ಅದನ್ನು ದಿನವೂ ಬಳಸುವ ಯಾರನ್ನಾದರೂ, ಅವರು ಎಷ್ಟೇ ಪುಕ್ಕಲರಾಗಿರಲಿ, 'ಇದು ಯಾಕೆ ಹೀಗಿದೆ' ಎಂದು ಒಂದು ಮಾತು ಕೇಳಿ. ನಮಗೂ ಉತ್ತರ ಗೊತ್ತಿಲ್ಲದಿರಬಹುದು. ಆದರೆ ನಾವು ಗಾಬರಿಯಾಗುವುದನ್ನು ನೋಡಿದರೆ ತಮಗೆ ಗೊತ್ತಾಗುತ್ತದೆ.

ಮದುವೆ ಏನಾಯಿತೆಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗಡಿಯಾರದವರಿಗೆ ಅಂಗಡಿ ತೆಗೆಯಿರಿ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ವೈದ್ಯರು ಚಿಕ್ಕಮ್ಮನನ್ನು ಮತ್ತೆ ಕುರ್ಚಿಗೆ ಕೂರಿಸಿ ಹಿಂದಿನ ಕಾಲದ ಹಾಗೆ ಹಿಟ್ಟಿನಂಥ ಮುದ್ದೆ ಕಚ್ಚಿಸಿ ಅಚ್ಚು ತೆಗೆದರು. ಅದರ ಮೇಲೆ, ಇದ್ದ ಸಮಯಕ್ಕೆ, ಮೇಣದ ಹಲ್ಲನ್ನಷ್ಟೇ ಮಾಡಲು ನನ್ನಿಂದಾಯಿತು. ಬಿಸಿ ಕುಡಿಯಬೇಡಿ, ಜೋರಾಗಿ ನಗಬೇಡಿ, ಆದಷ್ಟು ಉಸಿರನ್ನೂ ಮೆಲ್ಲಗೆ ಬಿಡಿ ಎಂದು ದಾರಿಯುದ್ದಕ್ಕೂ ಹೇಳುತ್ತ ಹೋದೆ. ಕಚೇರಿಯಲ್ಲಿ ಸೆಕೆ, ಫ್ಯಾನು ಕೆಟ್ಟಿತ್ತು. ಗುಮಾಸ್ತರು ಕಾಗದ ಮುಂದೆ ಹಿಡಿದರು, ಚಿಕ್ಕಮ್ಮ ಮೈಕಿನ ಮುಂದೆ ನಿಲ್ಲುವ ಹಾಗೆ ಬೆನ್ನು ನೆಟ್ಟಗೆ ಮಾಡಿದರು, 'ಸ್ವಸಂತೋಷ' ಎನ್ನುವಷ್ಟರಲ್ಲಿ ಮೇಣದ ಹಲ್ಲು ಜಾರಿ ನೆಲಕ್ಕೆ ಬಿದ್ದು ಬೀರುವಿನ ಕೆಳಗೆ ಹೋಯಿತು. ಚಿಕ್ಕಮ್ಮನ ಕೈ ಮತ್ತೆ ಬಾಯಿಗೆ ಅಡ್ಡ ಬಂತು. ಗಡಿಯಾರದವರು ಮಾತ್ರ ಏನೂ ಆಗದವರಂತೆ ಮಂಡಿಯೂರಿ, ಜೇಬಿನಿಂದ ಚಿಮಟ ತೆಗೆದು, ಹಲ್ಲನ್ನು ಎತ್ತಿ ಊದಿ ಕರವಸ್ತ್ರದಲ್ಲಿಟ್ಟುಕೊಂಡರು. ಆಮೇಲೆ ಚಿಕ್ಕಮ್ಮನ ಪಕ್ಕ ನಿಂತು, "ಆ ನಿಲ್ದಾಣದ್ ಸ್ಪೀಕರು ಹರಿದು ಯಾವ ಕಾಲ ಆಯ್ತೋ. ಇಷ್ಟು ವರ್ಷ ನಿಮ್ ದನಿ ಅಂತ ನಾನು ಕೇಳಿದ್ದು ಬರೀ ಗೊರಗೊರ. ಅದಕ್ಕಿಂತ ಇದು ಎಷ್ಟೋ ಸಾಫಾಗಿದೆ, ಹೇಳಿ" ಎಂದರು.

ಚಿಕ್ಕಮ್ಮ ಕೈ ಕೆಳಗಿಳಿಸಿದರು. ವಾಕ್ಯವನ್ನು ಮೊದಲಿನಿಂದ ಶುರುಮಾಡಿ, ಒಂದು 'ಸ'ವನ್ನೂ ಬಿಡದೆ, ಅಷ್ಟೂ ಸೀಟಿಯೊಂದಿಗೆ, ಹೊರಗಿನ ಮೆಟ್ಟಿಲ ಮೇಲೆ ಕಾಯುತ್ತಿದ್ದವರಿಗೂ ಕೇಳುವಂತೆ ಹೇಳಿದರು. ನಾನು ಯಾವ ಕಡೆ ತಿರುಗಿ ಕಣ್ಣೊರೆಸಿಕೊಂಡೆನೋ ನೆನಪಿಲ್ಲ.

ಇಷ್ಟು ಹೊತ್ತು ತಮ್ಮನ್ನು ಕೂರಿಸಿಕೊಂಡದ್ದಕ್ಕೆ ಕ್ಷಮೆ ಕೋರುತ್ತ, ಈ ಪತ್ರದಲ್ಲಿ ತಪ್ಪೇನಾದರೂ ಇದ್ದರೆ ತಿದ್ದುವ ಮೊದಲು ದಯಮಾಡಿ ಒಂದು ಮಾತು ಕೇಳಬೇಕೆಂದು ಬೇಡುತ್ತ,

ತಮ್ಮ ವಿಶ್ವಾಸಿ, ಅಂದರೆ ತಮ್ಮನ್ನು ನಂಬಿ ಒಂದು ಮಧ್ಯಾಹ್ನ ಆರಾಮಾಗಿದ್ದವನು,
ಹಲ್ಲು ಕಟ್ಟುವವನು

ತಾ.ಕ.: ಸಹಾಯವಾಣಿಯ ಹೆಣ್ಣುಮಗಳ ಮೇಲೆ ದಯವಿಟ್ಟು ಯಾವ ಕ್ರಮವನ್ನೂ ಕೈಗೊಳ್ಳಬೇಡಿ. ಮದುವೆಯ ಸಿಹಿಸುದ್ದಿ ಹೇಳಲು ಫೋನು ಮಾಡಿದ್ದಾಗ ಅವರು ದನಿ ತಗ್ಗಿಸಿ, "ಸಾರ್, ನಮ್ ಕಂಪ್ಯೂಟರ್ ಪರದೇನೂ ಆ ನವೀಕರಣದವ್ರೇ ಹೊಸದು ಮಾಡಿದಾರೆ, ಯಾರ್ ಫೋನ್ ಮಾಡಿದ್ರೂ 'ಸಮಸ್ಯೆ ಬಗೆಹರಿದಿದೆ' ಅನ್ನೋ ಗುಂಡಿ ಒಂದೇ ಕಾಣ್ಸೋದು, ಯಾರ್ಗೂ ಹೇಳ್ಬೇಡಿ" ಎಂದರು. ಮಾತು ಕೊಟ್ಟಿದ್ದೇನೆ, ಆದ್ದರಿಂದ ಇದನ್ನು ತಾವು ಓದಿಲ್ಲವೆಂದು ತಿಳಿಯತಕ್ಕದ್ದು. ಬಳಕೆದಾರರು ಬರೆದದ್ದನ್ನು ಓದದೇ ಇರುವುದು ತಮಗೆ ಕಷ್ಟವಾಗಲಾರದು.